ಗ್ವಾರಾನಾ ಪಾನೀಯ: ಬಾಟಲಿ ಸಿಡಿದದ್ದೇಕೆ, ರುಚಿ ಕಹಿಯಾದದ್ದೇಕೆ?

ಪ್ರಶ್ನೆ: ನಮಸ್ಕಾರ ಸರ್. ಗ್ವಾರಾನಾ ಎಂಬ ಬಳ್ಳಿಯ ಬೀಜ ಬಳಸಿ ಮಾಡುವ ಅಂಗಡಿಯ ತಂಪುಪಾನೀಯ ಬಹಳ ಹಿಡಿಸಿದ್ದರಿಂದ, ಯಂತ್ರದಿಂದ ಅನಿಲ ತುಂಬದೆ ಯೀಸ್ಟ್‌ನಿಂದಲೇ ಗುಳ್ಳೆ ಬರಿಸಿ ಮನೆಯಲ್ಲಿ ಅದನ್ನು ಮಾಡಲು ಹೊರಟೆ. ನಾಲ್ಕು ಲೀಟರ್ ನೀರಿಗೆ 20 ಗ್ರಾಂ ಗ್ವಾರಾನಾ ಪುಡಿ ಹಾಕಿ ಕಾಲು ಗಂಟೆ ಕುದಿಸಿ, 400 ಗ್ರಾಂ ಸಕ್ಕರೆ ಕರಗಿಸಿದೆ. ತಣಿದ ಮೇಲೆ ಬ್ರೆಡ್ಡಿಗೆ ಬಳಸುವ ಒಣ ಯೀಸ್ಟನ್ನು ಒಂದು ಚಮಚ ಬೆರೆಸಿ, ಗಾಜಿನ ಬಾಟಲಿಗಳಲ್ಲಿ ಕಂಠಮಟ್ಟ ತುಂಬಿ, ಮುಚ್ಚಳ ಬಿಗಿದು ಕಪಾಟಿನಲ್ಲಿಟ್ಟೆ. ಐದನೆಯ ರಾತ್ರಿ ಒಂದು ಬಾಟಲಿ ಸಿಡಿದು ಗಾಜಿನ ಚೂರುಗಳು ಕೋಣೆಯೆಲ್ಲ ಹರಡಿದವು. ಇನ್ನೊಂದನ್ನು ತೆರೆದಾಗ ಮುಕ್ಕಾಲು ಪಾಲು ಚಿಮ್ಮಿಹೋಯಿತು. ಉಳಿದದ್ದರಲ್ಲಿ ಕಹಿ, ಒಗರು ಮತ್ತು ಬ್ರೆಡ್ಡಿನ ವಾಸನೆ. ಎರಡು ಬಾಟಲಿಗಳು ಇನ್ನೂ ಕಪಾಟಿನಲ್ಲೇ ಇವೆ. ನಾನು ತಪ್ಪಿದ್ದು ಎಲ್ಲಿ?

ಉತ್ತರ: ನಮಸ್ಕಾರ. ಮೊದಲು ಆ ಎರಡು ಬಾಟಲಿಗಳ ಮಾತು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಕೈಗವಸು ಹಾಕಿಕೊಳ್ಳದೆ ಅವುಗಳ ಹತ್ತಿರ ಹೋಗಬೇಡಿ. ಅಲುಗಾಡಿಸದೆ ದಪ್ಪ ಟವೆಲ್ ಸುತ್ತಿ, ಮುಚ್ಚಳವಿರುವ ಗಟ್ಟಿ ಡಬ್ಬಿಯೊಳಗೆ ನಿಲ್ಲಿಸಿ, ಡಬ್ಬಿಯ ಸಮೇತ ಫ್ರಿಜ್ಜಿನಲ್ಲಿಡಿ. ತಣ್ಣನೆಯ ದ್ರವ ಹೆಚ್ಚು ಅನಿಲವನ್ನು ತನ್ನೊಳಗೆ ಹಿಡಿದುಕೊಳ್ಳುವುದರಿಂದ ಒತ್ತಡ ಇಳಿಯುತ್ತದೆ. ಪೂರ್ತಿ ಒಂದು ದಿನ ಕಳೆದ ಮೇಲೆ, ಟವೆಲ್ ಬಿಚ್ಚದೆಯೇ ಮುಚ್ಚಳವನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿ, ಒಳಗಿರುವುದನ್ನು ಚೆಲ್ಲಿಬಿಡಿ. ಅದನ್ನು ಉಳಿಸಿಕೊಳ್ಳುವ ಆಸೆ ಬೇಡ.

ಇನ್ನು ಕಾರಣ. ಮನೆಯಲ್ಲಿ ಇಂಥ ಪಾನೀಯ ಮಾಡುವವರು ಸಾಮಾನ್ಯವಾಗಿ ದಿನಗಳನ್ನು ಎಣಿಸುತ್ತಾರೆ, ಎಣಿಸಬೇಕಾದದ್ದು ಸಕ್ಕರೆಯನ್ನು. ಒಂದು ಲೀಟರ್ ದ್ರವದಲ್ಲಿರುವ 4 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿದರೆ ಸುಮಾರು ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಚೆನ್ನಾಗಿ ಗುಳ್ಳೆಯೇಳುವ ಸೋಡಾದಲ್ಲಿ ಲೀಟರಿಗೆ ಮೂರರಿಂದ ನಾಲ್ಕು ಲೀಟರ್ ಅನಿಲ ಕರಗಿರುತ್ತದೆ; ಅಂದರೆ ಗುಳ್ಳೆಗೆ ಬೇಕಾದ ಸಕ್ಕರೆ 12ರಿಂದ 15 ಗ್ರಾಂ ಮಾತ್ರ. ನೀವು ಹಾಕಿದ್ದು ಲೀಟರಿಗೆ 100 ಗ್ರಾಂ. ಸಿಹಿಗೆಂದು ನೀವು ಹಾಕಿದ ಉಳಿದ ಸಕ್ಕರೆಯೂ ಯೀಸ್ಟ್‌ನ ಲೆಕ್ಕದಲ್ಲಿ ಆಹಾರವೇ. ಅದಷ್ಟೂ ಹುದುಗಿದರೆ 25 ಲೀಟರ್ ಅನಿಲವಾಗುತ್ತದೆ, ಅದನ್ನು ತಡೆಯುವ ಗಾಜಿನ ಬಾಟಲಿ ಇಲ್ಲ. ಹೀಗಾಗಿ ಪೂರ್ತಿ ಸಕ್ಕರೆ ಹಾಕಿ ಮಾಡುವವರು ಸರಿಯಾದ ಗಳಿಗೆಯಲ್ಲಿ ಯೀಸ್ಟನ್ನು ತಡೆಯಲೇಬೇಕು, ಮತ್ತು ಮನೆಯಲ್ಲಿ ಇರುವ ತಡೆ ಫ್ರಿಜ್ಜಿನ ತಂಪು ಒಂದೇ. ಅದು ಕೂಡ ಯೀಸ್ಟನ್ನು ಕೊಲ್ಲುವುದಿಲ್ಲ, ನಿಧಾನಗೊಳಿಸುತ್ತದೆ ಅಷ್ಟೇ. ತುಂಬಿದ ಗಾಜಿನ ಬಾಟಲಿಗಳನ್ನು ಬಿಸಿನೀರಿನಲ್ಲಿಟ್ಟು ಯೀಸ್ಟ್ ಕೊಲ್ಲುವ ಸಲಹೆ ಕೆಲವೆಡೆ ಕಾಣಿಸುತ್ತದೆ. ಒತ್ತಡ ತುಂಬಿದ ಗಾಜನ್ನು ಬಿಸಿ ಮಾಡುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ.

ಮುಂದಿನ ಬಾರಿ ಸೋಡಾ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿಗಳನ್ನೇ ಬಳಸಿ, ಮೇಲೆ ಎರಡು ಮೂರು ಬೆರಳಿನಷ್ಟು ಜಾಗ ಬಿಡಿ. ಅವುಗಳ ದೊಡ್ಡ ಗುಣವೆಂದರೆ ಒಳಗಿನ ಒತ್ತಡವನ್ನು ಹಿಸುಕಿ ನೋಡಿಯೇ ತಿಳಿಯಬಹುದು. ಕೋಣೆಯ ಬಿಸಿಯನ್ನು ಅವಲಂಬಿಸಿ ಒಂದರಿಂದ ಮೂರು ದಿನಗಳಲ್ಲಿ ಬಾಟಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಿ, ಒಂದು ದಿನ ಬಿಟ್ಟು ತೆರೆಯಿರಿ, ವಾರದೊಳಗೆ ಕುಡಿದು ಮುಗಿಸಿ. ನಾಲ್ಕು ಲೀಟರಿಗೆ ಯೀಸ್ಟ್ ಒಂದು ಚಿಟಿಕೆ, ಅಂದರೆ ಅರ್ಧ ಗ್ರಾಂಗೂ ಕಡಿಮೆ ಸಾಕು. ಬ್ರೆಡ್ಡಿನ ವಾಸನೆ ಬಂದದ್ದು ಆ ಜಾತಿಯ ಯೀಸ್ಟ್‌ನಿಂದ ಮತ್ತು ಅದರ ಅತಿಯಾದ ಪ್ರಮಾಣದಿಂದ. ವೈನ್ ತಯಾರಿಕೆಗೆ ಬಳಸುವ ಶಾಂಪೇನ್ ಯೀಸ್ಟ್ ವಾಸನೆ ಬಿಡುವುದು ಕಡಿಮೆ, ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಬಗ್ಗಿಸುವಾಗ ಬೇಗ ಏಳುವುದಿಲ್ಲ.

ಕಹಿಯ ವಿಚಾರ ಬೇರೆ. ಗ್ವಾರಾನಾ ಎಂಬುದು ಅಮೆಜಾನ್ ಕಾಡಿನ ಬಳ್ಳಿ, ನಮ್ಮ ಅಂಟುವಾಳದ ಕುಟುಂಬಕ್ಕೇ ಸೇರಿದ್ದು. ಬೀಜದಲ್ಲಿ ಕೆಫೀನ್ ಜೊತೆಗೆ ಟ್ಯಾನಿನ್ ಧಾರಾಳವಾಗಿದೆ, ಕುದಿಸಿದಷ್ಟೂ ಒಗರು ಬಿಡುತ್ತದೆ. ಈ ಬೀಜವನ್ನು ತಲೆಮಾರುಗಳಿಂದ ಬಳಸುತ್ತ ಬಂದ ಬ್ರೆಜಿಲ್‌ನ ಸತೆರೆ-ಮಾವೆ ಜನರು ಅದನ್ನು ಹುರಿದು, ಕುಟ್ಟಿ, ಕೋಲಿನಂತೆ ಕಟ್ಟಿ, ಹೊಗೆಯಲ್ಲಿ ಒಣಗಿಸಿ, ಬೇಕಾದಾಗ ನೀರಿನಲ್ಲಿ ತೇಯ್ದು ಕುಡಿಯುತ್ತಾರೆ. ಕುದಿಸುವ ಪ್ರಮೇಯವೇ ಇಲ್ಲ. ಕೆಫೀನ್ ನೀರಿಗೆ ಸುಲಭವಾಗಿ ಬಿಡುವುದರಿಂದ ನಿಮಗೂ ಕುದಿಸುವ ಅಗತ್ಯವಿಲ್ಲ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ನೀರಿನಲ್ಲಿ ಪುಡಿಯನ್ನು ಐದು ನಿಮಿಷ ನೆನೆಸಿ, ತೆಳುಬಟ್ಟೆಯಲ್ಲಿ ಎರಡು ಬಾರಿ ಸೋಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ನಿಲ್ಲಿಸಿ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಪಾನೀಯ ಚಿಮ್ಮುವುದಕ್ಕೆ ಅತಿಯಾದ ಒತ್ತಡದ ಜೊತೆಗೆ ಈ ಪುಡಿಯ ಗಸಿಯೂ ಕಾರಣ: ಒಂದೊಂದು ಕಣವೂ ಗುಳ್ಳೆ ಹುಟ್ಟುವ ತಾಣವಾಗುತ್ತದೆ.

ಅಂಗಡಿಯ ಪಾನೀಯದ ಹಣ್ಣಿನಂಥ ರುಚಿಯನ್ನು ಬರಿಯ ಬೀಜದ ಪುಡಿಯಿಂದ ನಿರೀಕ್ಷಿಸಬೇಡಿ. ಬ್ರೆಜಿಲ್‌ನ ನಿಯಮದಂತೆ ಗ್ವಾರಾನಾ ತಂಪುಪಾನೀಯದಲ್ಲಿ ಕಡ್ಡಾಯವಾಗಿ ಇರಬೇಕಾದ ಬೀಜದ ಕನಿಷ್ಠ ಪ್ರಮಾಣ 100 ಮಿಲಿಲೀಟರಿಗೆ 0.02 ಗ್ರಾಂ. ನೀವು ಹಾಕಿದ್ದು ಅದರ 25 ಪಟ್ಟು! ಲೀಟರಿಗೆ 2 ಗ್ರಾಂ ಪುಡಿ ನನ್ನ ನಾಲಿಗೆಗೆ ಸಾಕು. ಜೊತೆಗೆ ನಿಂಬೆರಸ ಸೇರಿಸಿ. ಹುಳಿಯು ಕಹಿಯನ್ನು ಮರೆಸುತ್ತದೆ, ಬೇಡದ ಬ್ಯಾಕ್ಟೀರಿಯಾವನ್ನೂ ದೂರವಿಡುತ್ತದೆ.

ಮರುಪ್ರಶ್ನೆ: ವಿವರವಾದ ಉತ್ತರಕ್ಕೆ ಧನ್ಯವಾದಗಳು. ಇದೇ ಎಳೆಯಲ್ಲಿ ಇನ್ನೊಂದು ಸಂದೇಹ. ಹುದುಗಿದ ಪಾನೀಯದಲ್ಲಿ ಮದ್ಯಸಾರ ಎಷ್ಟಿರುತ್ತದೆ? ಕೆಫೀನ್ ಹುದುಗುವಾಗ ಕಡಿಮೆಯಾಗುತ್ತದೆಯೇ? ಮಕ್ಕಳಿಗೆ ಕೊಡಬಹುದೇ?

ಉತ್ತರ: ಕೆಫೀನ್ ಕಡಿಮೆಯಾಗುವುದಿಲ್ಲ, ಯೀಸ್ಟ್ ಅದನ್ನು ಮುಟ್ಟುವುದಿಲ್ಲ. ಬೀಜದಲ್ಲಿ ಅದರ ಪ್ರಮಾಣ ಸುಮಾರು ಶೇ. 2ರಿಂದ 6. ನಡುವಿನ ಶೇ. 4 ಎಂದು ಹಿಡಿದರೆ ನಿಮ್ಮ ಮೊದಲ ಅಳತೆಯಲ್ಲಿ 250 ಮಿಲಿಲೀಟರಿನ ಒಂದು ಲೋಟಕ್ಕೆ 50 ಮಿಲಿಗ್ರಾಂ, ಲೀಟರಿಗೆ 2 ಗ್ರಾಂ ಪುಡಿ ಹಾಕಿದರೆ 20 ಮಿಲಿಗ್ರಾಂ ಬರುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ಆತಂಕವಿಲ್ಲ ಎಂದು ಹೇಳಿದೆ. ಇದರಲ್ಲಿ ಆ ದಿನ ಕುಡಿದ ಕಾಫಿ, ಚಹಾ ಎಲ್ಲವೂ ಸೇರಿದೆ.

ಮದ್ಯಸಾರದ ಬಗ್ಗೆ ಹಲವು ಪಾಕವಿಧಾನಗಳು ಶೇ. 0.5ಕ್ಕಿಂತ ಕಡಿಮೆ ಎಂದು ಸಲೀಸಾಗಿ ಬರೆದುಬಿಡುತ್ತವೆ. ಲೆಕ್ಕ ಹಾಗೆ ಹೇಳುವುದಿಲ್ಲ. ಲೀಟರಿಗೆ ಮೂರು ಲೀಟರ್ ಅನಿಲ ಹುಟ್ಟುವಷ್ಟರಲ್ಲಿ ಮದ್ಯಸಾರವೂ ಸುಮಾರು ಶೇ. 0.8ರಷ್ಟು ಹುಟ್ಟಿರುತ್ತದೆ, ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ. ಫ್ರಿಜ್ಜಿಗೆ ಸೇರಿಸಲು ಮರೆತ ಪ್ರತಿ ದಿನವೂ ಅದು ಏರುತ್ತದೆ. ಆದ್ದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯಸಾರ ವರ್ಜ್ಯವಾದವರಿಗೆ ಇದನ್ನು ಕೊಡಬೇಡಿ.

ಮರುಪ್ರಶ್ನೆ: ಹಾಗಾದರೆ ಲೀಟರಿಗೆ 12 ಗ್ರಾಂ ಸಕ್ಕರೆ ಮಾತ್ರ ಹಾಕಿದರೆ ಸಿಹಿಯೇ ಇರುವುದಿಲ್ಲವಲ್ಲ ಸರ್?

ಉತ್ತರ: ಇರುವುದಿಲ್ಲ, ಅದಕ್ಕೆ ಯೀಸ್ಟ್ ತಿನ್ನಲಾರದ ಸಿಹಿಯನ್ನು ಸೇರಿಸಬೇಕು. ಸ್ಟೀವಿಯಾ, ಸುಕ್ರಲೋಸ್, ಎರಿಥ್ರಿಟಾಲ್ ಈ ಮೂರನ್ನೂ ಯೀಸ್ಟ್ ಹುದುಗಿಸುವುದಿಲ್ಲ. 12 ಗ್ರಾಂ ಸಕ್ಕರೆ ಗುಳ್ಳೆಗೆ, ಉಳಿದ ಸಿಹಿ ಇವುಗಳಿಂದ ಎಂದು ವಿಂಗಡಿಸಿಕೊಂಡರೆ, ಸಕ್ಕರೆ ಮುಗಿದಲ್ಲಿಗೆ ಅನಿಲವೂ ನಿಲ್ಲುತ್ತದೆ, ಮರೆತರೂ ಬಾಟಲಿ ಸಿಡಿಯುವ ಭಯವಿರುವುದಿಲ್ಲ. ಆದರೆ ಹಣ್ಣಿನ ರಸ ಬೆರೆಸಿದರೆ ಅದರಲ್ಲಿರುವ ಸಕ್ಕರೆಯನ್ನೂ ಈ 12 ಗ್ರಾಂನೊಳಗೇ ಎಣಿಸಿ. ಸಿಹಿಕಾರಕದ ರುಚಿ ಒಗ್ಗದವರು ಮತ್ತು ಮದ್ಯಸಾರ ಬೇಡದವರು ಯೀಸ್ಟನ್ನೇ ಬಿಡಬಹುದು: 2 ಗ್ರಾಂ ಪುಡಿಯ ಕಷಾಯಕ್ಕೆ 80 ಗ್ರಾಂ ಸಕ್ಕರೆ ಮತ್ತು ನಿಂಬೆರಸ ಸೇರಿಸಿ 200 ಮಿಲಿಲೀಟರ್ ಪಾಕ ಮಾಡಿಟ್ಟುಕೊಂಡು, ಕುಡಿಯುವಾಗ ಒಂದು ಪಾಲು ಪಾಕಕ್ಕೆ ನಾಲ್ಕು ಪಾಲು ತಣ್ಣನೆಯ ಸೋಡಾವನ್ನು ಲೋಟದ ಅಂಚಿನಿಂದ ನಿಧಾನವಾಗಿ ಇಳಿಸಿ.