‘ವಂಶವಾಹಿ’ಯಲ್ಲಿರುವ ವಂಶ ಯಾರದು?

ಎಲ್ಲರಿಗೂ ನಮಸ್ಕಾರ. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡಿದೆ, ಬಲ್ಲವರು ಬಿಡಿಸಿಕೊಡಿ.

ಹಾಸನದಲ್ಲಿ ವೈದ್ಯೆಯಾಗಿರುವ ಗೆಳತಿಯೊಬ್ಬರು, ಮನೆತನದಲ್ಲಿ ಇಳಿದು ಬರುವ ಅಂಡಾಶಯದ ಕ್ಯಾನ್ಸರ್ ಬಗ್ಗೆ ಎರಡು ಪುಟದ ಕರಪತ್ರ ಬರೆದುಕೊಡಲು ಕೇಳಿದರು. ‘ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ವಂಶವಾಹಿಗಳಲ್ಲಿನ ಆನುವಂಶಿಕ ಉತ್ಪರಿವರ್ತನೆ’ (ಅಂದರೆ ಆ ಹೆಸರಿನ ಎರಡು ಜೀನುಗಳಲ್ಲಿ ಹೆತ್ತವರಿಂದ ಬಂದ ಬದಲಾವಣೆ) ಎಂದು ಪಠ್ಯಪುಸ್ತಕದ ಧಾಟಿಯಲ್ಲೇ ಶುರುಮಾಡಿದೆ. ಸಕಲೇಶಪುರದ ಮನೆಗೆ ಹೋದಾಗ ಅತ್ತಿಗೆಗೆ ಓದಿ ಹೇಳಿದೆ. ಅವರ ತಾಯಿ ಇದೇ ಕಾಯಿಲೆಯಲ್ಲಿ ತೀರಿಕೊಂಡವರು. ಅತ್ತಿಗೆ ನಿರಾಳವಾಗಿ, “ಸದ್ಯ, ನಮ್ ವಂಶ್ದಲ್ಲಿ ಯಾರಿಗೂ ಇಲ್ಲ ಕಣಪ್ಪ” ಅಂದರು.

“ನಿಮ್ಮವ್ವಂಗೆ ಬಂದಿತ್ತಲ್ಲ?”

“ಅದು ಅವ್ವನ ತವರಿನ ಕಡೇದು.”

ಅವರ ಲೆಕ್ಕದಲ್ಲಿ ತಪ್ಪಿಲ್ಲ. ನಮ್ಮಲ್ಲಿ ವಂಶವೆಂದರೆ ಗಂಡಿನ ಕಡೆಯದು, ಮದುವೆಯಾಗಿ ಬಂದವಳಿಗೆ ಗಂಡನ ಮನೆಯದು. (ತಾಯಿಯ ಕಡೆಯಿಂದ ವಂಶ ಎಣಿಸುವ ಘಟ್ಟದ ಕೆಳಗಿನ ಅಳಿಯಸಂತಾನದವರ ಲೆಕ್ಕ ಬೇರೆ.) ಜೀವಕೋಶಕ್ಕೆ ಈ ಲೆಕ್ಕ ಗೊತ್ತಿಲ್ಲ. ಈ ಜೀನುಗಳ ಕೆಲಸ ಡಿಎನ್‌ಎಯ ಹರಕು ಹೊಲಿಯುವುದು. ಕೆಟ್ಟ ಪ್ರತಿ ತಾಯಿಯಲ್ಲಿದ್ದರೂ ತಂದೆಯಲ್ಲಿದ್ದರೂ ಪ್ರತಿ ಮಗುವಿಗೂ ಅದು ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಸೋದರತ್ತೆಯ ಕಾಯಿಲೆಯ ಬೇರು ಅಂಡಾಶಯವೇ ಇಲ್ಲದ ಅಪ್ಪನ ಮೂಲಕವೂ ಮಗಳಿಗೆ ಬರಬಹುದು. ‘ವಂಶ’ ಎಂಬ ಪದವೋ, ಅರ್ಧ ಬಂಧುಬಳಗವನ್ನು ಬಾಗಿಲಾಚೆಯೇ ನಿಲ್ಲಿಸುತ್ತದೆ.

‘ತಳಿ’ ಹಾಕಿ ನೋಡಿದೆ. ತಳಿವಿಜ್ಞಾನ ಅನ್ನುತ್ತೇವಲ್ಲ. ಅತ್ತಿಗೆ ನಕ್ಕುಬಿಟ್ಟರು. ತೋಟದವರಿಗೆ ತಳಿಯೆಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್.795, ಇಲ್ಲವೇ ಅಜ್ಜಂಪುರದ ಅಮೃತಮಹಲ್ ಹೋರಿ. ಮನುಷ್ಯರಿಗೆ ಹೇಳಿದರೆ ಬೈಗುಳದ ವಾಸನೆ. ‘ಉತ್ಪರಿವರ್ತನೆ’ಗೆ ಬದಲು ‘ರೂಪಾಂತರ’ ಅನ್ನೋಣವೆಂದರೆ ಅದನ್ನು ಕೊರೊನಾ ಕೆಡಿಸಿಟ್ಟಿದೆ, ಕೇಳಿದ ತಕ್ಷಣ “ಅಂಟುತ್ತಾ?” ಅನ್ನುತ್ತಾರೆ. ‘ಉತ್ಪರಿವರ್ತನೆ’ಯೋ ಯಾರ ಬಾಯಲ್ಲೂ ಹೊರಳದು. ಸದ್ಯಕ್ಕೆ ‘ಜೀನಿನಲ್ಲಿ ಹುಟ್ಟಿನಿಂದಲೇ ಬಂದ ದೋಷ’ ಎಂದು ಬರೆದಿದ್ದೇನೆ. ಆದರೆ ‘ದೋಷ’ ಅಂದರೆ ಜಾತಕ ತೆಗೆಯುವವರೂ ಇದ್ದಾರೆ, ಹೆಣ್ಣು ನೋಡಲು ಬಂದವರ ಕಿವಿಗೆ ಬಿದ್ದರಂತೂ ಮುಗಿಯಿತು.

‘ಅಪಾಯ’ವೂ ಸರಿ ಕೂರುತ್ತಿಲ್ಲ. ಸಾಮಾನ್ಯವಾಗಿ ಈ ಕ್ಯಾನ್ಸರ್ ಬರುವುದು 100 ಹೆಂಗಸರಲ್ಲಿ ಒಬ್ಬರಿಗೆ ಅಷ್ಟೆ. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 80 ವರ್ಷದೊಳಗೆ ಬರುವ ಸಾಧ್ಯತೆ ಬಿಆರ್‌ಸಿಎ1 ಕೆಟ್ಟವರಲ್ಲಿ 100ಕ್ಕೆ 44, ಬಿಆರ್‌ಸಿಎ2 ಕೆಟ್ಟವರಲ್ಲಿ 17. ಹೆಚ್ಚೇನೋ ನಿಜ, ಆದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರುವುದೇ ಇಲ್ಲ. ‘ಅಪಾಯವಿದೆ’ ಎಂದು ಬರೆದರೆ ಓದುವವರು ರೋಗ ಬಂದೇಬಿಟ್ಟಿತು ಅಂದುಕೊಳ್ಳುತ್ತಾರೆ, ‘ಸಾಧ್ಯತೆ’ ಎಂದರೆ ಪುಟ ಮಗುಚುತ್ತಾರೆ.

ಇನ್ನೊಂದು, ಇದು ಪದಕ್ಕಿಂತ ರೂಢಿಯ ತೊಡಕು. ನಮ್ಮ ಕಡೆ ಹೊಟ್ಟೆಯ ಕೆಳಗಿನದೆಲ್ಲ ‘ಗರ್ಭಕೋಶ’. ಅಂಡಾಶಯದ ನೀರುಗುಳ್ಳೆಯೂ ‘ಗರ್ಭಕೋಶದ ಗಡ್ಡೆ’ಯೇ, ಕ್ಯಾನ್ಸರೂ ಅದೇ. ಗರ್ಭಕೋಶ ತೆಗೆಸಿಕೊಂಡವರು ಇನ್ನು ಭಯವಿಲ್ಲ ಅಂದುಕೊಂಡಿರುತ್ತಾರೆ, ಎಷ್ಟೋ ಸಲ ಅಂಡಾಶಯ ಒಳಗೇ ಉಳಿದಿರುತ್ತದೆ. ಇದನ್ನು ಚಿತ್ರ ಬರೆದೇ ತೋರಿಸಬೇಕು, ಯಾವ ಪದವೂ ಸಾಲದು.

ವಂಶಕ್ಕೆ ಬದಲು ನನಗೆ ಹೊಳೆದದ್ದು ‘ಬಳುವಳಿ’. ಹೆಣ್ಣು ತವರಿಂದ ತರುವುದಕ್ಕೇ ಇರುವ ಪದ. ‘ಅಪ್ಪನಿಂದ ಬಳುವಳಿಯಾಗಿ ಬಂದ ಗುಣ’ ಎಂದೂ ಬಳಸುತ್ತೇವೆ, ಹಾಗಾಗಿ ಎರಡೂ ಕಡೆಗೆ ಸಲ್ಲುತ್ತದೆ. ‘ಅಪ್ಪ ಅಥವಾ ಅವ್ವನಿಂದ ಬಳುವಳಿಯಾಗಿ ಬರುವ ಜೀನು’ ಎಂದು ಓದಿದಾಗ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ನಂಗೂ ಬಂದಿರಬೌದಾ?” ಎಂದು ಕೇಳಿದರು. ಅರ್ಥವೇನೋ ದಾಟಿತು. ಆದರೆ ಕೊಡುಗೆಯ ಪದವನ್ನು ಕಾಯಿಲೆಗೆ ಹಚ್ಚುವುದು ಕ್ರೂರವಾಗುತ್ತದೆಯೇ? ಕಡೂರು, ಅರಸೀಕೆರೆ, ಕೊಪ್ಪದ ಕಡೆಯವರು ‘ಇದು ಅವರ ಮನೇಲಿ ಬಂದಿದ್ದು’ ಅನ್ನಲು ಬೇರೆ ಮಾತು ಬಳಸುತ್ತೀರಾ?