ಬೆಲ್ಲೋಸ್ ಕ್ಯಾಮೆರಾದಲ್ಲಿ ಕಂಬ ಮಾತ್ರ ಶಾರ್ಪ್ ಬರೋದು ಹೇಗೆ?

ಪ್ರಶ್ನೆ: 4×5 ಇಂಚಿನ ಫಿಲ್ಮಿನ ಹಳೇ ಬೆಲ್ಲೋಸ್ (ಮಡಿಕೆ ಚೀಲದ) ಕ್ಯಾಮೆರಾ, 150 ಎಂಎಂ ಎಫ್/5.6 ಲೆನ್ಸ್. ಚಿತ್ರದುರ್ಗ ಕೋಟೆಯ ಉಯ್ಯಾಲೆ ಕಂಬ ಪೂರ್ತಿ ಸ್ಪಷ್ಟವಾಗಿ, ಅಕ್ಕಪಕ್ಕದ ಬಂಡೆ ಮಸುಕಾಗಿ ಬರಬೇಕು. ಟಿಲ್ಟ್ ಮಾಡಿದರೆ (ಲೆನ್ಸನ್ನು ಮುಂದಕ್ಕೋ ಹಿಂದಕ್ಕೋ ಬಾಗಿಸಿದರೆ) ಕಂಬದ ನಡುಭಾಗವಷ್ಟೇ ಶಾರ್ಪ್.

ಉತ್ತರ: ಟಿಲ್ಟ್ ಬೇಡ ಸರ್, ಅದರಲ್ಲಿ ಅಡ್ಡಪಟ್ಟಿಯಷ್ಟೇ ಶಾರ್ಪ್ ಬರುತ್ತೆ. ನಿಮಗೆ ಬೇಕಿರೋದು ಸ್ವಿಂಗ್, ಅದರಲ್ಲಿ ಉದ್ದಪಟ್ಟಿ ಶಾರ್ಪ್ ಬರುತ್ತೆ. ಲೆನ್ಸ್ ಬೋರ್ಡನ್ನು 8–10 ಡಿಗ್ರಿ ಪಕ್ಕಕ್ಕೆ ತಿರುಗಿಸಿ, ಅಪರ್ಚರ್ ಪೂರ್ತಿ ತೆರೆದು, ಗ್ರೌಂಡ್ ಗ್ಲಾಸ್ (ಹಿಂಬದಿಯ ಮಸುಕು ಗಾಜು) ಮೇಲೆ ಲೂಪ್ (ಭೂತಗನ್ನಡಿ) ಇಟ್ಟು ಕಂಬಕ್ಕೆ ಮತ್ತೆ ಫೋಕಸ್ ಮಾಡಿ. ಮೂಲೆ ಕಪ್ಪಾದರೆ ಲೆನ್ಸಿನ ಇಮೇಜ್ ಸರ್ಕಲ್ (ಲೆನ್ಸ್ ಮೂಡಿಸುವ ಬಿಂಬದ ವೃತ್ತ) ಸಾಲುತ್ತಿಲ್ಲ, ಸ್ವಿಂಗ್ ಕಡಿಮೆ ಮಾಡಿ.

ಉತ್ತರ: ದುರ್ಗದ ಬಿಸಿಲಲ್ಲಿ ಐಎಸ್‌ಒ 100 ಫಿಲ್ಮಿಗೆ ಎಫ್/5.6ರಲ್ಲಿ 1/800 ಸೆಕೆಂಡ್ ಬೇಕು. ಹಳೇ ಲೀಫ್ ಶಟರ್ (ಲೆನ್ಸಿನೊಳಗಿನ ಶಟರ್) ಹೆಚ್ಚೆಂದರೆ 1/500. 3 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸುವ ಗಾಜು) ಹಾಕಿ, 1/100 ಸಾಕು.

ದಾವಣಗೆರೆಯಿಂದ: ಮಡಚುವ ಅಗ್ಫಾ ಐಸೊಲೆಟ್ ಕ್ಯಾಮೆರಾದಲ್ಲಿ ಸ್ವಿಂಗ್ ಇರಲ್ಲ. 85 ಎಂಎಂ, ಎಫ್/4.5, 1 ಮೀಟರ್ ದೂರ: ಸ್ಪಷ್ಟ ಭಾಗ ಸುಮಾರು 6 ಸೆಂ.ಮೀ. ಮಾತ್ರ. ದೂರವನ್ನು ಟೇಪ್ ಹಿಡಿದೇ ಅಳೆಯಿರಿ.