ಸಹಾಯ ಬೇಕು: ಕಚೇರಿಯ ಡೈರೆಕ್ಟರಿಗೆ ನೇಮ್ ಸರ್ವರ್ ಹೊಂದಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ತೊಗರಿ ವ್ಯಾಪಾರದ ಕಚೇರಿಯಲ್ಲಿ ಉಬುಂಟು ಸರ್ವರ್ ಮೇಲೆ ಸಾಂಬಾ ಆಕ್ಟಿವ್ ಡೈರೆಕ್ಟರಿಯನ್ನು (ಕಚೇರಿಯ ಕಂಪ್ಯೂಟರ್‌ಗಳನ್ನೂ ಲಾಗಿನ್‌ಗಳನ್ನೂ ‘ಡೊಮೈನ್’ ಎಂಬ ಒಂದೇ ಗುಂಪಾಗಿ ನಿಭಾಯಿಸುವ ವ್ಯವಸ್ಥೆ) ಅದರೊಳಗಿನ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ನೇಮ್ ಸರ್ವರ್) ಸಮೇತ ಸ್ಥಾಪಿಸಿದ್ದೇವೆ. ಸರ್ವರ್‌ನಲ್ಲೇ ಎಲ್‌ಡಿಎಪಿಯ (ಡೈರೆಕ್ಟರಿಯನ್ನು ಸಂಪರ್ಕಿಸುವ ವಿಧಾನ) ಎಸ್‌ಆರ್‌ವಿ ರೆಕಾರ್ಡ್, ಅಂದರೆ ಆ ಸೇವೆ ಯಾವ ಸರ್ವರ್‌ನ ಯಾವ ಪೋರ್ಟ್‌ನಲ್ಲಿದೆ ಎಂದು ತಿಳಿಸುವ ಡಿಎನ್‌ಎಸ್ ದಾಖಲೆ, ವಿಚಾರಿಸಿದರೆ 389ನೇ ಪೋರ್ಟ್ ಸಹಿತ ಸರಿಯಾದ ಉತ್ತರ ಬರುತ್ತದೆ; ಆದರೆ ವಿಂಡೋಸ್ ಕಂಪ್ಯೂಟರ್‌ಗಳಿಂದ ಅದನ್ನೇ ಕೇಳಿದಾಗ ಅಂತಹ ಡೊಮೈನೇ ಇಲ್ಲವೆಂದು ಬರುತ್ತಿರುವುದರಿಂದ ಅವುಗಳನ್ನು ಡೊಮೈನ್‌ಗೆ ಸೇರಿಸಲು ಆಗುತ್ತಿಲ್ಲ. ಡಿಎನ್‌ಎಸ್ ವಿಚಾರಿಸುವ ಕಮಾಂಡ್ ಆದ ಎನ್‌ಎಸ್‌ಲುಕಪ್‌ನಲ್ಲಿ ಸರ್ವರ್‌ನ ಐಪಿ ವಿಳಾಸವನ್ನು ಸೂಚಿಸಿ ಕೇಳಿದರೆ ಮಾತ್ರ ಉತ್ತರ ಸರಿಯಾಗಿರುತ್ತದೆ. ಹಾಗಾಗಿ ಡಿಎನ್‌ಎಸ್ ಬಳಸುವ 53ನೇ ಪೋರ್ಟ್‌ಗೆ ಫೈರ್‌ವಾಲ್ ಅಡ್ಡಿಯಿಲ್ಲ. ರೌಟರ್‌ನ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ, ಡಿಎನ್‌ಎಸ್ ವಿವರಗಳನ್ನು ತಾನಾಗಿ ಹಂಚುವ ಸೇವೆ) ರೌಟರ್‌ನ ವಿಳಾಸವನ್ನೇ ಡಿಎನ್‌ಎಸ್ ಎಂದು ಹಂಚುತ್ತಿರುವುದೇ ತೊಂದರೆಯ ಮೂಲವೆಂದು ನನ್ನ ಅಂದಾಜು.

ಇಂಟರ್ನೆಟ್ ಸಂಪರ್ಕದ ಜೊತೆ ಬಂದ ಆ ರೌಟರ್‌ನಲ್ಲಿ ಡಿಎಚ್‌ಸಿಪಿ ನಿಲ್ಲಿಸಬಹುದೇ ಹೊರತು ಡಿಎನ್‌ಎಸ್ ಬದಲಿಸುವ ಆಯ್ಕೆಯಿಲ್ಲ. ಡಿಎಚ್‌ಸಿಪಿ ಕೆಲಸವನ್ನೂ ಸರ್ವರ್‌ಗೇ ವಹಿಸಿದರೆ, ಬೇಸಿಗೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟ ದಿನ ಇಡೀ ಕಚೇರಿಯ ಇಂಟರ್ನೆಟ್ ನಿಲ್ಲುತ್ತದೆ. ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಆದ 8.8.8.8 ಅನ್ನು ಎರಡನೆಯ ಡಿಎನ್‌ಎಸ್ ಆಗಿ ಕೊಡಿ ಎಂದು ಪರಿಚಯದವರೊಬ್ಬರು ಹೇಳಿದರು. ನಮ್ಮ ಒಳಗಿನ ಹೆಸರುಗಳು ಅದಕ್ಕೆ ಗೊತ್ತಿರದ ಕಾರಣ ಲಾಗಿನ್ ಆಗಾಗ ಕೆಡುತ್ತದೆಂದು ನಾನು ಒಪ್ಪಲಿಲ್ಲ. ಹಳೆಯ ಕಂಪ್ಯೂಟರೊಂದರಲ್ಲಿ ಎರಡನೆಯ ಡೊಮೈನ್ ಕಂಟ್ರೋಲರ್ (ಡೈರೆಕ್ಟರಿ ನಡೆಸುವ ಸರ್ವರ್) ನಡೆಸುವುದು ಸೂಕ್ತವೇ, ಅಥವಾ ಡಿಎನ್‌ಎಸ್ ಬದಲಿಸಬಹುದಾದ ಪ್ರತ್ಯೇಕ ರೌಟರ್ ಕೊಳ್ಳುವುದೇ ಮೇಲೋ ಎಂಬುದನ್ನು ಇಂತಹ ಸಣ್ಣ ನೆಟ್‌ವರ್ಕ್ ನಿಭಾಯಿಸಿದವರು ದಯವಿಟ್ಟು ತಿಳಿಸಿ. ಕೇಳಿದರೆ ಸಾಂಬಾದ ಕಾನ್ಫಿಗರೇಶನ್ ಫೈಲನ್ನು ಇಲ್ಲೇ ಹಾಕುತ್ತೇನೆ.